ತಿಪ್ಪೆಗೆ ಸೇರದ ಕಸ

ಉಪನ್ಯಾಸದ ವಿಷಯ ಕಸ ಎಂದಾಗ ಮುಂದಿನ ಸಾಲಿನಲ್ಲಿ ಒಬ್ಬಿಬ್ಬರು ನಕ್ಕರು. ನಗಲಿ, ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಕಸ ಬಿಟ್ಟು ಬರುವವರೇ ತಾನೆ ನಾವೆಲ್ಲ.

ನಮ್ಮ ಹಿರಿಯರಿಗೆ ಕಸ ಅಂದರೆ ತಿಪ್ಪೆ. ಸಗಣಿ, ಬೂದಿ, ಉಂಡ ಎಲೆ, ರಾಗಿ ಹೊಟ್ಟು ಎಲ್ಲ ಅಲ್ಲೇ ಕೊಳೆತು, ಮುಂಗಾರಿಗೆ ಮುಂಚೆ ಗೊಬ್ಬರವಾಗಿ ಹೊಲ ಸೇರುತ್ತಿತ್ತು. ಈಗ ಬಿಳಿಗಿರಿರಂಗನ ಬೆಟ್ಟದ ಮೇಲೆ ಬೀಳುವ ಕಸ ಯಾವ ತಿಪ್ಪೆಯಲ್ಲೂ ಕೊಳೆಯುವುದಿಲ್ಲ. ನೀರಿನ ಬಾಟಲಿ, ರಟ್ಟನ್ನು ಗುಜರಿಯವರು ಕೊಳ್ಳುತ್ತಾರೆ. ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಷೆ ಮುಟ್ಟುವುದಿಲ್ಲ. ಅವು ಪದರದ ಮೇಲೆ ಪದರ ಅಂಟಿಸಿ ಮಾಡಿದವು, ಬಿಡಿಸಿದರೆ ಕೂಲಿಯೂ ಹುಟ್ಟುವುದಿಲ್ಲ. ಕೊನೆಗೆ ಅವುಗಳಿಗೆ ಉಳಿಯುವ ದಾರಿ ಸಿಮೆಂಟ್ ಕಾರ್ಖಾನೆಯ ಕುಲುಮೆ. ಕರ್ನಾಟಕ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ದೇಶದ ನಿಷೇಧ 2022ರ ಜುಲೈನಲ್ಲಿ ಬಂತು. ಚಿಪ್ಸ್ ಪೊಟ್ಟಣ ಎರಡರಿಂದಲೂ ನುಣುಚಿಕೊಂಡಿದೆ.

2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಇಂಥ ಕಸ ನಿರ್ವಹಿಸುವ ಹೊಣೆಯನ್ನು ಗ್ರಾಮ ಪಂಚಾಯ್ತಿಯ ಹೆಗಲಿಗೂ ಹಾಕಿದವು. ಸರಿ, ದುಡ್ಡು? ಸ್ವಚ್ಛ ಭಾರತ್ ಗ್ರಾಮೀಣದ ಎರಡನೇ ಹಂತದಲ್ಲಿ 5,000 ಜನರವರೆಗಿನ ಹಳ್ಳಿಗೆ ಘನತ್ಯಾಜ್ಯದ ಬಾಬ್ತು ತಲೆಗೆ 60 ರೂಪಾಯಿವರೆಗೆ ನಿಗದಿಯಾಯಿತು. ಅದಕ್ಕಿಂತ ದೊಡ್ಡ ಹಳ್ಳಿಗೆ 45. ತಲೆ ಎಂದರೆ ಊರಿನವರ ತಲೆ. ಸಂಕ್ರಾಂತಿಯ ಚಿಕ್ಕ ಜಾತ್ರೆಗೆ, ವೈಶಾಖದ ದೊಡ್ಡ ತೇರಿಗೆ, ಶನಿವಾರದ ಹರಕೆಗೆ ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಬೆಟ್ಟಕ್ಕೆ ಬರುವವರ ತಲೆ ಆ ಲೆಕ್ಕದಲ್ಲಿಲ್ಲ. ಅವರ ಪೊಟ್ಟಣ ಮಾತ್ರ ಇಲ್ಲೇ ಉಳಿಯುತ್ತದೆ. ನಮ್ಮ ಕಸದ ವ್ಯವಸ್ಥೆಯ ಬುಡದಲ್ಲೇ ಇರುವ ದೋಷ ಇದು, ಉಳಿದವೆಲ್ಲ ಇದರ ಕೊಂಬೆಗಳು.

ಒಂದು ಕೊಂಬೆ ಸಾಗಣೆಯದು. ಗಾಡಿ, ಶೆಡ್ಡು ಒಮ್ಮೆ ಅನುದಾನದಲ್ಲಿ ಬರುತ್ತವೆ. ಡೀಸೆಲ್, ಕೂಲಿ ತಿಂಗಳು ತಿಂಗಳು ಬೇಕು. ಒಣ ಕಸ ಹಗುರ. ಗಾಡಿ ತುಂಬಿದರೂ ತೂಕ ಬರುವುದಿಲ್ಲ, ಬೆಟ್ಟ ಇಳಿಸಿದ ಖರ್ಚು ಮಾರಿದ ಕಾಸಿನಲ್ಲಿ ಗಿಟ್ಟುವುದಿಲ್ಲ. ಇನ್ನು ಪುರಾಣಿಪೋಡಿನಂಥ, ಕಾಡಿನೊಳಗಿನ ಸೋಲಿಗರ ಹಾಡಿಗಳಾದ ಪೋಡುಗಳ ಮಾತು ಬೇರೆಯೇ. ಅಂಗಡಿಯ ಸ್ಯಾಷೆ ಅಲ್ಲಿಗೂ ನಡೆದು ಹೋಗಿದೆ, ಕಸದ ಗಾಡಿಗೆ ಅಲ್ಲಿ ದಾರಿ ಕಷ್ಟ. ಹೂತು ಮುಚ್ಚೋಣ ಎಂದರೆ 2011ರಿಂದ ಈ ಕಾಡು ಹುಲಿ ಸಂರಕ್ಷಿತ ಪ್ರದೇಶ. ಕಾಡುಹಂದಿಗಳಂತೂ ಹೂತದ್ದನ್ನು ಕೆದಕದೆ ಬಿಡುವುದಿಲ್ಲ.

ತಯಾರಿಸಿದ ಕಂಪನಿಯೇ ಕಸಕ್ಕೆ ಹೊಣೆ ಎಂಬ ಕಾನೂನೂ ಇದೆ. ಆದರೆ ಆ ಹೊಣೆ ತೀರಿಸಿದ ಪ್ರಮಾಣಪತ್ರ ಹುಟ್ಟುವುದು ಸಂಸ್ಕರಿಸುವ ಘಟಕದಲ್ಲಿ, ಚರಂಡಿಯಿಂದ ಪೊಟ್ಟಣ ಹೆಕ್ಕಿದ ಹೆಂಗಸಿನ ಹೆಸರಿನಲ್ಲಲ್ಲ.

ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರಿಗೆ ಬೆಟ್ಟದ ದೇವರು ರಂಗನಾಥ ಭಾವ. ತಮ್ಮ ಕುಲದ ಕುಸುಮಾಲೆಯನ್ನು ಕೈಹಿಡಿದವನು. ಭಾವನ ಮನೆಗೆ ಬಂದ ನೆಂಟರ ಎಂಜಲನ್ನು ಸೋಲಿಗರೇ ಬಳಿಯುತ್ತಿರಬೇಕೆ?

ಪಂಚಾಯ್ತಿ ಸದಸ್ಯರು ಇಲ್ಲಿದ್ದರೆ ಒಂದೇ ಬೇಡಿಕೆ. ಮುಂದಿನ ತೇರಿನ ದಿನ ಬೆಟ್ಟದ ಕಸವನ್ನು ತಕ್ಕಡಿಗೆ ಹಾಕಿ ತೂಗಿಸಿ. ಆ ಚೀಟಿ ಹಿಡಿದುಕೊಂಡು ಅನುದಾನ ಕೇಳಲು ಹೋಗಿ, ಜೊತೆಗೆ ನಾವೂ ಬರುತ್ತೇವೆ.