ತೂಬು ಎತ್ತುವ ಮುನ್ನ

(ಹಾಗಲವಾಡಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹಾಗಲವಾಡಿ ಹಿಂದೆ ಪಾಳೇಗಾರರ ಊರು, ಇಂದು ಗುಬ್ಬಿ ತಾಲ್ಲೂಕಿನ ಹೋಬಳಿ ಕೇಂದ್ರ. ಕೆರೆಗಳ ಈ ಸೀಮೆಯವರಿಗೆ ನಂಬಿಕೆಯೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೆರೆಯಲ್ಲಿ ನೀರೆಷ್ಟಿದೆ ಎಂಬುದು ಏರಿಯ ಮೇಲೆ ನಿಂತವರಿಗೆಲ್ಲ ಕಾಣುತ್ತದೆ. ಹಿಂದೆ ನೀರುಗಂಟಿ ಯಾರ ಗದ್ದೆಗೆ ಎಷ್ಟು ನೀರು ಬಿಟ್ಟನೆಂಬುದು ಊರಿಗೇ ಗೊತ್ತಾಗುತ್ತಿತ್ತು. ತಪ್ಪಿದರೆ ಕೇಳುವವರಿದ್ದರು, ಅವನು ಉತ್ತರ ಹೇಳಬೇಕಿತ್ತು.

ಬೀಜದೊಳಗೆ ಸೇರಿಸಿದ ವಂಶವಾಹಿ ಹೀಗೆ ಕಣ್ಣಿಗೆ ಕಾಣುವಂಥದಲ್ಲ. ಪರೀಕ್ಷಿಸುವವರು ಪ್ರಯೋಗಾಲಯದಲ್ಲಿ, ಅನುಮತಿ ಕೊಡುವವರು ದೆಹಲಿಯಲ್ಲಿ, ಬಿತ್ತುವವರು ಹಳ್ಳಿಯಲ್ಲಿ. ಹೀಗಿರುವಾಗ ನಂಬಿಕೆ ಹುಟ್ಟುವುದು ಹೇಗೆ?

ಕೇಳದೆ ಮುಂದುವರಿದರೆ ಏನಾಗುತ್ತದೆಂಬುದನ್ನು ಕರ್ನಾಟಕ 1998ರ ನವೆಂಬರಿನಲ್ಲಿ ಕಂಡಿತು. ರಾಯಚೂರು ಜಿಲ್ಲೆಯಲ್ಲಿ ಬಿ.ಟಿ. ಹತ್ತಿಯ ಪ್ರಯೋಗ ನಡೆದಿತ್ತು. ಹೊಲ ಕೊಟ್ಟ ರೈತರಿಗೂ ನಿಜ ತಿಳಿಸಿಲ್ಲವೆಂದು ಆರೋಪಿಸಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ಆ ಗಿಡಗಳನ್ನು ಕಿತ್ತು ಸುಟ್ಟಿತು. ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. 2002ರಲ್ಲಿ ಬಿ.ಟಿ. ಹತ್ತಿಗೆ ಒಪ್ಪಿಗೆ ದೊರೆಯಿತು; ಬರಬರುತ್ತ ದೇಶದ ಬಹುಪಾಲು ಹತ್ತಿ ಹೊಲಗಳಿಗೆ ಅದೇ ಬೀಜ ಬಂತು.

ಬದನೆಯ ಕತೆ ಬೇರೆ. ಕಾಯಿ ಕೊರೆಯುವ ಹುಳುವನ್ನು ತಡೆಯಲು ಮಣ್ಣಿನ ಬ್ಯಾಕ್ಟೀರಿಯಾವೊಂದರ ವಂಶವಾಹಿ ಸೇರಿಸಿದ ಬಿ.ಟಿ. ಬದನೆಯನ್ನು ಕೇಂದ್ರದ ತಜ್ಞ ಸಮಿತಿ 2009ರ ಅಕ್ಟೋಬರಿನಲ್ಲಿ ಒಪ್ಪಿತು. ಪರಿಸರ ಸಚಿವ ಜೈರಾಮ್ ರಮೇಶ್ ಅದಕ್ಕೆ ತಕ್ಷಣ ಮುದ್ರೆ ಒತ್ತಲಿಲ್ಲ. ಏಳು ನಗರಗಳಲ್ಲಿ ಬಹಿರಂಗ ಸಭೆ ಕರೆದರು. ಕೊನೆಯದು 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ರೈತರೂ ವಿಜ್ಞಾನಿಗಳೂ ಒಂದೇ ಸೂರಿನಡಿ ವಾದಿಸಿದರು, ಕೂಗಾಟವೂ ಆಯಿತು. ಫೆಬ್ರವರಿ 9ರಂದು ಸಚಿವರು ತಡೆ ವಿಧಿಸಿ, ಕಾರಣಗಳನ್ನು ಬರೆದು ಪ್ರಕಟಿಸಿದರು: ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ, ಸ್ವತಂತ್ರ ಪರೀಕ್ಷೆ ಸಾಲದು, ಆತುರಪಡುವ ಅಗತ್ಯವಿಲ್ಲ.

ಆ ತೀರ್ಮಾನ ಸರಿಯೇ ಎಂಬ ಚರ್ಚೆ ನಿಂತಿಲ್ಲ. ಬಾಂಗ್ಲಾದೇಶ 2013ರಲ್ಲಿ ಅದೇ ತಂತ್ರದ ಬದನೆಯನ್ನು ಒಪ್ಪಿತು. ಕಾರಣಗಳು ಬರಹದಲ್ಲಿರುವುದರಿಂದ ಒಪ್ಪದವರು ಅವುಗಳನ್ನು ಒಂದೊಂದಾಗಿ ಪ್ರಶ್ನಿಸಬಹುದು.

ಆದರೂ ಎರಡು ಕೊರತೆಗಳಿದ್ದವು. ಜನರನ್ನು ಕೇಳಿದ್ದು ತಜ್ಞರು ಒಪ್ಪಿದ ಮೇಲೆ, ಕೇಳಿದ್ದೂ ನಗರಗಳಲ್ಲಿ. ಹಾಗಲವಾಡಿಯ ಬೆಳೆಗಾರ ಮಾತಾಡಬೇಕೆಂದರೆ ಒಂದು ದಿನದ ಕೆಲಸ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಬೇಕಿತ್ತು.

2022ರಲ್ಲಿ ಕುಲಾಂತರಿ ಸಾಸಿವೆಗೆ ಅನುಮತಿ ಸಿಕ್ಕಾಗ ವಿವಾದ ಮತ್ತೆ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಜುಲೈನಲ್ಲಿ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸಂಜಯ್ ಕರೋಲ್ ಅನುಮತಿಯ ವಿಷಯದಲ್ಲಿ ಭಿನ್ನ ತೀರ್ಪು ಕೊಟ್ಟರು. ಸಂಬಂಧಪಟ್ಟವರೆಲ್ಲರನ್ನೂ ಕೇಳಿ ರಾಷ್ಟ್ರೀಯ ನೀತಿ ರೂಪಿಸಬೇಕೆಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಕೇಳಲು ಹೊಸ ಸಂಸ್ಥೆಯೇ ಬೇಕೆಂದಿಲ್ಲ, ಗ್ರಾಮಸಭೆಯಿದೆ. ಪರೀಕ್ಷೆಯ ವಿವರ, ಲಾಭ, ಅಪಾಯ, ಹಾನಿಯಾದರೆ ಹೊಣೆ ಯಾರದು ಎಂಬುದೆಲ್ಲ ತಿಳಿಗನ್ನಡದಲ್ಲಿ, ಅನುಮತಿಗೆ ಮುಂಚೆ, ಅದರ ಮುಂದೆ ಬರಲಿ. ಊರಿನ ಮಾತನ್ನು ಸರ್ಕಾರ ಒಪ್ಪದಿದ್ದರೆ ಏಕೆಂದು ಬರೆದು ತಿಳಿಸಲಿ. ನೀರು ಹರಿದುಹೋದ ಮೇಲೆ ಏರಿಯ ಮೇಲೆ ಸಭೆ ಸೇರಿ ಫಲವಿಲ್ಲ.