ಪ್ರಶ್ನೋತ್ತರದ ವ್ಯಾಕರಣ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವ್ಯಾಕರಣವೆಂದೊಡನೆ ಮಕ್ಕಳ ಮುಖ ಬಾಡುವುದನ್ನು ನಾವೆಲ್ಲರೂ ಬಲ್ಲೆವು. ಈ ಕಷ್ಟ ನಮ್ಮ ನಾಡಿನದು ಮಾತ್ರವಲ್ಲ, ಇಂದಿನದೂ ಅಲ್ಲ. ಪಶ್ಚಿಮ ದೇಶಗಳಲ್ಲಿ ಲ್ಯಾಟಿನ್ ಕಲಿಸಿದವರು ಇದಕ್ಕೆ ಕಂಡುಕೊಂಡ ಉಪಾಯವನ್ನು ತಮ್ಮಲ್ಲಿ ಅರಿಕೆಮಾಡಲು ಬಯಸುತ್ತೇವೆ.

ಕ್ರಿ.ಶ. 4ನೆಯ ಶತಮಾನದಲ್ಲಿ ರೋಮ್ ನಗರದಲ್ಲಿ ದೊನಾತುಸನೆಂಬ ಉಪಾಧ್ಯಾಯನಿದ್ದನು. ಬೈಬಲನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮನು ಈತನ ಶಿಷ್ಯ. ದೊನಾತುಸನು ಎಳೆಯರಿಗಾಗಿ ಬರೆದ ಕಿರುಹೊತ್ತಗೆ ಪ್ರಶ್ನೋತ್ತರ ರೂಪದಲ್ಲಿದೆ. ಶಬ್ದಭೇದಗಳೆಷ್ಟೆಂದರೆ ಎಂಟು, ವಿಭಕ್ತಿಗಳೆಷ್ಟೆಂದರೆ ಆರು. ಹೀಗೆ ಚಿಕ್ಕ ಪ್ರಶ್ನೆ, ಚಿಕ್ಕ ಉತ್ತರ. ಬಳಿಕ ‘ಮಗಿಸ್ತೆರ್’, ಎಂದರೆ ಗುರು, ಎಂಬ ಪದವನ್ನೆತ್ತಿಕೊಂಡು ಅದರ ರೂಪಗಳನ್ನು ಹೇಳಿಸುತ್ತಾನೆ. ‘ಮಗಿಸ್ತ್ರೀ’ ಎಂದರೆ ಗುರುವಿನ, ‘ಮಗಿಸ್ತ್ರೋ’ ಎಂದರೆ ಗುರುವಿಗೆ, ‘ಮಗಿಸ್ತ್ರುಮ್’ ಎಂದರೆ ಗುರುವನ್ನು. ನಮ್ಮ ಮಕ್ಕಳು ಪ್ರಥಮಾದಿಂದ ಸಪ್ತಮಿಯವರೆಗೆ ಒಪ್ಪಿಸುವ ಪಾಠಕ್ಕೂ ಇದಕ್ಕೂ ಎಷ್ಟು ಹೋಲಿಕೆ! ಈ ಹೊತ್ತಗೆ ಸಾವಿರ ವರ್ಷಗಳಿಗೂ ಮಿಕ್ಕಿ ಬಾಳಿತು. 15ನೆಯ ಶತಮಾನದಲ್ಲಿ ಗುಟೆನ್‌ಬರ್ಗನು ಅಚ್ಚುಹಾಕಿದ ಮೊದಮೊದಲ ಪುಸ್ತಕಗಳಲ್ಲಿ ಇದೂ ಒಂದು.

ಆದರೆ ರೋಮಿನಲ್ಲಿ ಲ್ಯಾಟಿನ್ ಆಡುಮಾತು. ಅದನ್ನು ಮನೆಯಲ್ಲಿ ಕೇಳದ ಮಕ್ಕಳ ಗತಿಯೇನು? ಕ್ರಿ.ಶ. 1000ದ ಸುಮಾರಿಗೆ ಇಂಗ್ಲೆಂಡಿನ ಎಲ್ಫ್ರಿಕ್ ಎಂಬ ಸಂನ್ಯಾಸಿ ಇದಕ್ಕೆ ದಾರಿ ತೋರಿದನು. ಲ್ಯಾಟಿನ್ ವ್ಯಾಕರಣವನ್ನು ಮಕ್ಕಳ ತಾಯಿನುಡಿಯಾದ ಹಳೆಯ ಇಂಗ್ಲಿಷಿನಲ್ಲಿಯೇ ವಿವರಿಸಿದನು. ಜೊತೆಗೆ ಲ್ಯಾಟಿನ್ ಮಾತನಾಡಿಸಲು ಸಂಭಾಷಣೆಯೊಂದನ್ನು ರಚಿಸಿದನು. ಅದರಲ್ಲಿ ಒಬ್ಬ ಹುಡುಗ ಉಳುವವನು, ಒಬ್ಬ ಕುರುಬ, ಒಬ್ಬ ಬೆಸ್ತ. ನಿನ್ನ ಕೆಲಸವೇನೆಂದು ಗುರು ಕೇಳಲು, ನಸುಕಿನಲ್ಲೆದ್ದು ಎತ್ತುಗಳನ್ನು ಹೊಲಕ್ಕೆ ಹೊಡೆಯುವ ಪಾಡನ್ನೂ, ಚಳಿಗೆ ಗಂಟಲು ಕಟ್ಟಿದ ಜೊತೆಯ ಬಾಲಕನನ್ನೂ ಉಳುವವನು ಬಣ್ಣಿಸುತ್ತಾನೆ. ಒಂದು ಸಂಗತಿ ನಮ್ಮ ಮನಸ್ಸನ್ನು ವಿಶೇಷವಾಗಿ ಸೆಳೆಯಿತು: ಆ ಸಂಭಾಷಣೆಯಲ್ಲಿ ಮೊದಲು ಬಾಯಿತೆರೆಯುವವರು ಗುರುಗಳಲ್ಲ, ಮಕ್ಕಳು. ಸರಿಯಾಗಿ ಮಾತನಾಡುವುದನ್ನು ಕಲಿಸಿರೆಂದು ಅವರೇ ಬೇಡುತ್ತಾರೆ.

ಬಂಧುಗಳೇ, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಇಲ್ಲಿನ ನಮ್ಮ ಮಕ್ಕಳು ಕನ್ನಡದೊಡನೆ ಮಲಯಾಳವನ್ನೂ ಇಂಗ್ಲಿಷನ್ನೂ ಹಿಂದಿಯನ್ನೂ ಕಲಿಯುತ್ತಾರೆ. ಕಲಿಯಲಿ, ನಮಗೆ ಯಾವ ನುಡಿಯ ಮೇಲೂ ಹಗೆಯಿಲ್ಲ. ಆದರೆ ಆ ನುಡಿಗಳ ಬಾಗಿಲು ಕನ್ನಡದಲ್ಲಿ ತೆರೆಯಬೇಕು. ತನ್ನ ಮಾತನ್ನರಿಯದ ಅಧ್ಯಾಪಕರ ಮುಂದೆ ಮಗು ಉತ್ತರವನ್ನು ಉರುಹೊಡೆದೀತು, ಪ್ರಶ್ನೆಯನ್ನು ಕೇಳಲಾರದು. ಪ್ರಶ್ನೆ ಹುಟ್ಟುವುದು ತಾಯಿನುಡಿಯಲ್ಲಿ. ಎಲ್ಫ್ರಿಕನು ಸಾವಿರ ವರ್ಷಗಳ ಹಿಂದೆ ಕಂಡ ಈ ಸತ್ಯವನ್ನೇ ನಾವು ನಮ್ಮ ಕನ್ನಡ ಶಾಲೆಗಳಿಗಾಗಿ ಬೇಡುತ್ತಿದ್ದೇವೆ.

ಶಾಲೆಯ ಮಾತು ಹಾಗಿರಲಿ. ಮನೆ ನಮ್ಮ ಕೈಯಲ್ಲಿದೆ. ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಒಂದು ಗಳಿಗೆ ಮಕ್ಕಳೊಡನೆ ಕನ್ನಡದಲ್ಲಿ ಪ್ರಶ್ನೋತ್ತರ ನಡೆಸೋಣ. ಮೊದಲ ಪ್ರಶ್ನೆಯನ್ನು ಅವರಿಗೇ ಬಿಡೋಣ.