ವಾಡಿಕೆ ಮಳೆಯೂ ಬಿತ್ತನೆಯ ದಿನವೂ
(ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಪಿಯುಸಿ ಮುಗಿಸಿದವರು ವಿಶ್ವವಿದ್ಯಾಲಯದಲ್ಲಿ ಹವಾಗುಣ ವಿಜ್ಞಾನವನ್ನು ಓದಬಯಸಿದರೆ ಏನನ್ನು ಕಲಿಯಬೇಕು, ಯಾರಿಗಾಗಿ ಕಲಿಯಬೇಕು ಎಂಬುದು ಇಂದಿನ ವಿಷಯ. ಇದನ್ನು ವಿಚಾರಿಸಲು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಉತ್ತಮ ಪಾಠಶಾಲೆ. ಮಲೆನಾಡಿನವರಿಗೆ ಅದು ದೂರದ ಎರೆಭೂಮಿಯ ಸೀಮೆ ಎನಿಸಬಹುದು. ಆದರೆ ಅಫಜಲಪುರ, ಜೇವರ್ಗಿಗಳ ಮೂಲಕ ಹರಿಯುವ ಭೀಮಾನದಿ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ. ಘಟ್ಟದ ಮಳೆಗೂ ಬಯಲಿನ ಬದುಕಿಗೂ ಇರುವ ನಂಟು ಹಳೆಯದು.

ಹವಾಮಾನವೆಂದರೆ ಇಂದಿನ ಅಥವಾ ಈ ವಾರದ ಮಳೆ, ಬಿಸಿಲು, ಗಾಳಿ. ಹವಾಗುಣವೆಂದರೆ ಒಂದು ಸೀಮೆಯ ಸ್ವಭಾವ. ಅದನ್ನು ಅರಿಯಲು ಸಾಮಾನ್ಯವಾಗಿ 30 ವರ್ಷಗಳ ದಾಖಲೆ ಬೇಕು. ಅದು ಬದಲಾಗುತ್ತಿರುವುದೇಕೆ ಎಂಬುದಕ್ಕೆ ಉತ್ತರ ಭೌತಶಾಸ್ತ್ರದಲ್ಲಿದೆ. ಇಂಗಾಲದ ಡೈಆಕ್ಸೈಡ್ ಶಾಖವನ್ನು ಹೀರುತ್ತದೆ ಎಂಬುದನ್ನು ಜಾನ್ ಟಿಂಡಾಲ್ 1859ರಲ್ಲಿ ಪ್ರಯೋಗದಿಂದ ತೋರಿಸಿದರು. ಆ ಅನಿಲ ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾದೀತೆಂದು ಸ್ವಾಂಟೆ ಅರೇನಿಯಸ್ 1896ರಲ್ಲಿ ಲೆಕ್ಕ ಹಾಕಿದರು. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದುಕೊಳ್ಳಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಮಳೆ ಸುರಿದಾಗ ರಭಸದಿಂದ ಸುರಿಯಲು ಇದೇ ಕಾರಣ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. ಗಣಿತಕ್ಕೂ ಭೌತಶಾಸ್ತ್ರಕ್ಕೂ ಅಂಜುವವರು ಈ ವಿದ್ಯೆಯ ಹೊಸ್ತಿಲನ್ನು ದಾಟಲಾರರು.

ಆದರೆ ಹೊಸ್ತಿಲಲ್ಲೇ ನಿಂತರೂ ಸಾಲದು. ಸರಾಸರಿಯ ಲೆಕ್ಕ ಹೊಲದ ಕಷ್ಟವನ್ನು ಹೇಳುವುದಿಲ್ಲ. ಕರ್ನಾಟಕವನ್ನು ಕೃಷಿ ಹವಾಗುಣಕ್ಕೆ ಅನುಸಾರವಾಗಿ 10 ವಲಯಗಳಾಗಿ ವಿಂಗಡಿಸಲಾಗಿದೆ. ಅದರಲ್ಲಿ ಆಳಂದ ಈಶಾನ್ಯ ಪರಿವರ್ತನಾ ವಲಯಕ್ಕೆ ಸೇರಿದರೆ, ನೆರೆಯ ಅಫಜಲಪುರವೂ ಜೇವರ್ಗಿಯೂ ಈಶಾನ್ಯ ಒಣ ವಲಯಕ್ಕೆ ಸೇರುತ್ತವೆ. ಅಲ್ಲಿಯ ಮುಖ್ಯ ಬೆಳೆ ತೊಗರಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಜೂನ್–ಜುಲೈಯಲ್ಲಿ ಬಿತ್ತಿದ ತೊಗರಿ ಕಟಾವಿಗೆ ಬರುವುದು ಡಿಸೆಂಬರ್–ಜನವರಿಯಲ್ಲಿ. ಹಿಂಗಾರಿ ಜೋಳವನ್ನು ಉತ್ತರೆ, ಹಸ್ತ ಮಳೆಗಳ ಹದದಲ್ಲಿ ಬಿತ್ತುತ್ತಾರೆ. ಅದು ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆಯುತ್ತದೆ. ಜುಲೈಯಲ್ಲಿ ಮೂರು ವಾರ ಮಳೆ ತಪ್ಪಿದರೆ ತೊಗರಿಯ ಸಸಿ ಬಾಡುತ್ತದೆ. ಸೆಪ್ಟೆಂಬರಿನಲ್ಲಿ ಬಿಡದೆ ಸುರಿದರೆ ಎರೆಹೊಲದಲ್ಲಿ ನೀರು ನಿಂತು ಬೇರಿಗೆ ಉಸಿರಿಲ್ಲದಾಗುತ್ತದೆ, ಜೋಳದ ಬಿತ್ತನೆಯೂ ತಡವಾಗುತ್ತದೆ. ವರ್ಷದ ಕೊನೆಗೆ ಕೂಡಿದರೆ ಎರಡೂ ಸೇರಿ ‘ವಾಡಿಕೆ ಮಳೆ’ ಎಂದೇ ಬರೆಯಲ್ಪಡಬಹುದು! ಎಷ್ಟು ಮಳೆ ಎಂಬುದಕ್ಕಿಂತ ಯಾವಾಗ ಮಳೆ ಎಂಬುದೇ ಅಲ್ಲಿಯ ರೈತನ ಪ್ರಶ್ನೆ.

2020ರ ಅಕ್ಟೋಬರ್ ಇದಕ್ಕೊಂದು ನಿದರ್ಶನ. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ತೀವ್ರ ವಾಯುಭಾರ ಕುಸಿತವೊಂದು 13ರಂದು ಕಾಕಿನಾಡದ ಬಳಿ ಕರಾವಳಿಯನ್ನು ದಾಟಿ, ತೆಲಂಗಾಣವನ್ನು ಹಾಯ್ದು ಪಶ್ಚಿಮಕ್ಕೆ ಸರಿಯಿತು. ಕಲಬುರಗಿ ಸೀಮೆಯಲ್ಲಿ ಸುರಿದ ಮಳೆ ಒಂದೆಡೆ; ಮಹಾರಾಷ್ಟ್ರದ ಕಡೆಯಿಂದ ಭೀಮೆಯಲ್ಲಿ ಬಂದ ಪ್ರವಾಹ ಇನ್ನೊಂದೆಡೆ. ಅಫಜಲಪುರ, ಜೇವರ್ಗಿಗಳ ನದಿತೀರದ ಹಳ್ಳಿಗಳು ಜಲಾವೃತವಾದವು. ನಿಂತ ಬೆಳೆ ನೀರುಪಾಲಾಯಿತು. ಇಂಥ ಒಂದು ಘಟನೆಯನ್ನು ಕಂಡೊಡನೆ ಭೂಮಿಯ ಬಿಸಿಯೇರಿಕೆಯೇ ಇದಕ್ಕೆ ಕಾರಣವೆಂದು ಘೋಷಿಸುವುದು ವಿಜ್ಞಾನವಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ತಳ್ಳಿಹಾಕುವುದೂ ವಿಜ್ಞಾನವಲ್ಲ. ಬಿಸಿಯೇರದ ಭೂಮಿಯಲ್ಲಿ ಇಂಥ ಮಳೆಯ ಸಂಭವ ಎಷ್ಟಿತ್ತು, ಈಗ ಎಷ್ಟಾಗಿದೆ ಎಂದು ಅಳೆಯುವ ವಿಧಾನವನ್ನು ವಿದ್ಯಾರ್ಥಿ ಕಲಿಯಬೇಕು. ಜೊತೆಗೆ ಅಣೆಕಟ್ಟಿನಿಂದ ನೀರು ಬಿಡುವ ಕ್ರಮ, ನದಿಯ ದಂಡೆಯ ಬಳಕೆ ಇವುಗಳನ್ನೂ ಪರಿಶೀಲಿಸಬೇಕು. ಮನುಷ್ಯರ ತೀರ್ಮಾನಗಳ ಹೊಣೆಯನ್ನೆಲ್ಲ ಮುಗಿಲಿನ ಮೇಲೆ ಹೊರಿಸಲಾಗದು.

ಇಂಥ ಅಧ್ಯಯನಕ್ಕೆ ಕರ್ನಾಟಕದಲ್ಲೇ ಮಾದರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮುಂಗಾರಿನ ಗತಿಯನ್ನು ಅರ್ಥೈಸಿದ ವಿಜ್ಞಾನಿ. ಅವರು ಮತ್ತು ಸಂಗಡಿಗರು ಪಾವಗಡ ಸೀಮೆಯ ಮಳೆಯಾಶ್ರಿತ ಶೇಂಗಾ ಬೆಳೆಗಾರರೊಡನೆ ಕುಳಿತು, ಮಳೆಯ ದೀರ್ಘಕಾಲದ ದಾಖಲೆಗಳನ್ನಿಟ್ಟುಕೊಂಡು, ಬಿತ್ತನೆಗೆ ಸೂಕ್ತವಾದ ಕಾಲ ಯಾವುದೆಂದು ಪರಿಶೀಲಿಸಿದರು. ಪ್ರಶ್ನೆ ಹೊಲದಿಂದ ಬಂದಿತು. ಉತ್ತರಕ್ಕೆ ಗಣಿತ ನೆರವಾಯಿತು.

ಓದಲು ಅವಕಾಶಗಳೂ ಇವೆ. ಅದೇ ವಿಜ್ಞಾನ ಸಂಸ್ಥೆಯಲ್ಲಿ ಹವಾಗುಣದ ಉನ್ನತ ಅಧ್ಯಯನ ನಡೆಯುತ್ತದೆ. ಕೃಷಿ ಪದವಿಯ ಪಠ್ಯದಲ್ಲಿ ಕೃಷಿ ಹವಾಮಾನ ಶಾಸ್ತ್ರವಿದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ಅದರ ಸುತ್ತಲಿನದು ತೊಗರಿಯ ನಾಡು. ತರಗತಿಯಲ್ಲಿ ಕಲಿತ ಸೂತ್ರವನ್ನು ಸಂಜೆಯೇ ಹೊಲದ ಬದುವಿನಲ್ಲಿ ಒರೆಗೆ ಹಚ್ಚಬಹುದಾದ ನೆಲ ಅದು.

ಇದರಿಂದ ಮಲೆನಾಡಿಗೇನು ಎಂದು ಕೇಳಬಹುದು. ಅಡಿಕೆ, ಕಾಳುಮೆಣಸುಗಳಿಗೆ ಹವಾಮಾನ ಆಧಾರಿತ ವಿಮೆಯಿದೆ. ಅದರ ಪರಿಹಾರ ನಿರ್ಧಾರವಾಗುವುದು ತೋಟದ ಕೊಳೆರೋಗವನ್ನು ನೋಡಿ ಅಲ್ಲ, ಮಾಪಕದಲ್ಲಿ ದಾಖಲಾದ ಅಂಕಿಗಳನ್ನು ನೋಡಿ. ಮಾಪಕ ಕೆಟ್ಟಿದ್ದರೆ, ಅಥವಾ ಗುಡ್ಡದ ಆಚೆಗಿದ್ದರೆ, ಬೆಳೆಗಾರನ ನಷ್ಟ ಲೆಕ್ಕಕ್ಕೆ ಬಾರದು. ಆದ್ದರಿಂದ ಮಳೆಯ ಅಂಕಿಯನ್ನು ಓದುವುದು, ಪ್ರಶ್ನಿಸುವುದು ಹಳ್ಳಿಗೆ ಬೇಕಾದ ಅಕ್ಷರಜ್ಞಾನವೇ ಆಗಿದೆ.

ಈ ವಿದ್ಯೆಗೆ ಸೇರುವ ಪ್ರತಿಯೊಬ್ಬರೂ ಮೊದಲ ವರ್ಷದಲ್ಲೇ ತಮ್ಮ ಪಂಚಾಯಿತಿಯ ಮಳೆ ದಾಖಲೆಯನ್ನು ಪಡೆದು, ದಿನದಿನದ ಮಳೆಯನ್ನು ಊರಿನ ಬಿತ್ತನೆ, ಔಷಧಿ ಸಿಂಪಡಣೆ, ಕಟಾವುಗಳ ದಿನಗಳೊಡನೆ ಹೋಲಿಸಿ ಬರೆಯಲಿ. ಬರೆದುದನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಲಿ. ಅಲ್ಲಿ ರೈತರು ಎತ್ತುವ ಆಕ್ಷೇಪಗಳೇ ಎರಡನೆಯ ವರ್ಷದ ಪಠ್ಯವಾಗಲಿ.